ನಮ್ಮಪ್ಪನ ಕತ್ತಿ, ಪಟೇಲರ ಗೂಟ

೧೯೬೧ರಲ್ಲಿ, ಎಂಟನೆಯ ತರಗತಿಯ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. "ಅವನಿಗೆ ಓದು ಹತ್ತಲಿಲ್ಲ" ಎಂದು ನಮ್ಮೂರಿನಲ್ಲಿ ಹೇಳಿಕೊಂಡು ಓಡಾಡುವವರಿದ್ದಾರೆ. ಹತ್ತದೆ ಏನು? ಲೆಕ್ಕದಲ್ಲಿ ನನ್ನನ್ನು ಮೀರಿಸುವವನು ಆ ಶಾಲೆಯಲ್ಲಿ ಇರಲಿಲ್ಲ. ಆ ವರ್ಷದ ಮಾಗಿಯಲ್ಲಿ ಅಪ್ಪ ತೀರಿಕೊಂಡ. ಮನೆಯಲ್ಲಿ ಉಳಿದವರು ಅವ್ವ ಮತ್ತು ನಾನು, ಜೊತೆಗೆ ಎರಡೂವರೆ ಎಕರೆ ಖುಷ್ಕಿ ಜಮೀನು. ಜಮೀನನ್ನು ಅವ್ವ ನೋಡಿಕೊಂಡಳು. ನಾನು ಹೊಸಕೋಟೆಗೆ ಹೋಗಿ, ಮದರಾಸು ರಸ್ತೆಯ ಮೇಲಿದ್ದ ಒಂದು ಇಂಜಿನ್ ರಿಪೇರಿ ಅಂಗಡಿಯಲ್ಲಿ ಎಣ್ಣೆ ಒರೆಸುವ ಕೆಲಸಕ್ಕೆ ನಿಂತೆ. ಬಾವಿಗಳಿಗೆಲ್ಲ ಪಂಪ್‌ಸೆಟ್ಟು ಇಳಿಯುತ್ತಿದ್ದ ಕಾಲ ಅದು. ಕೆಲಸ ಕಲಿತೆ. ಸ್ವಂತ ಅಂಗಡಿ ಹಾಕಿದೆ. ಜಡಿಗೇನಹಳ್ಳಿ ಹೋಬಳಿಯಲ್ಲಿ ನಾನು ಇಳಿಯದ ಬಾವಿ ಇರಲಿಲ್ಲ. ಒಂದನ್ನು ಬಿಟ್ಟು. ಆ ಒಂದು ಬಾವಿ ನಮ್ಮೂರ ಪಟೇಲರದು.

ಪಟೇಲರನ್ನು ನಾನು ಇಲ್ಲಿ ಬಹುವಚನದಲ್ಲೇ ಬರೆಯುತ್ತೇನೆ. ಅದು ಅವರ ಯೋಗ್ಯತೆಯಿಂದ ಬಂದದ್ದಲ್ಲ, ನಮ್ಮವ್ವ ಕಲಿಸಿದ ನಡತೆ. ಅವರೂ ನಾವೂ ಒಂದೇ ಜನ. ಆದರೆ ಅವರದು ಕೂರುವ ಜಗಲಿ, ನಮ್ಮದು ನಿಲ್ಲುವ ಬೀದಿ. ಅಪ್ಪ ಪಟ್ಟಾಳಕ್ಕೆ ಸೇರುವ ಮೊದಲು ಅವರ ಮನೆಯ ಎತ್ತಿನಗಾಡಿ ಹೊಡೆಯುತ್ತಿದ್ದ. ಇದನ್ನು ನಾನು ಮುಚ್ಚಿಡುವುದಿಲ್ಲ, ನಾಚಿಕೆಯೂ ಇಲ್ಲ. ಗಾಡಿ ಹೊಡೆಯುವವನು ಗಾಡಿ ಹೊಡೆದ, ಕೂಲಿ ಪಡೆದ. ಅದರಾಚೆ ಆ ಮನೆಯಿಂದ ಒಂದು ಹಗ್ಗದ ಎಳೆಯನ್ನೂ ತಂದವನಲ್ಲ.

ಬರ್ಮಾ ಯುದ್ಧದ ಕಾಲದಲ್ಲಿ ಅಪ್ಪ ಸೈನ್ಯಕ್ಕೆ ಸೇರಿದ. ಎತ್ತು ಹೊಡೆಯುತ್ತಿದ್ದವನ ಕೈಗೆ ಅವರು ಲಾರಿಯ ಸ್ಟೇರಿಂಗ್ ಕೊಟ್ಟರು. ಅರಕಾನ್ ಎನ್ನುವ ಕಾಡಿನ ಸೀಮೆಯಲ್ಲಿ, ಮಂಡಿಯುದ್ದ ಕೆಸರಿನಲ್ಲಿ, ಸಾಮಾನು ಸಾಗಿಸುವ ಲಾರಿ. ಅಲ್ಲಿ ಆಫ್ರಿಕಾದಿಂದ ಬಂದ ದಂಡು ಇತ್ತು. ಲಾರಿ ಹೋಗದ ಕಡೆ ಅವರು ಹೊರೆಯನ್ನು ತಲೆಯ ಮೇಲೆ ಹೊತ್ತು ಬೆಟ್ಟ ಹತ್ತುತ್ತಿದ್ದರಂತೆ. "ನಮ್ಮ ಹೆಂಗಸ್ರು ಹುಲ್ಲಿನ ಹೊರೆ ಹೊರ್ತಾರಲ್ಲ, ಹಂಗೇ ಕಣ್ಲಾ. ಕತ್ತು ಅಲ್ಲಾಡ್ತಿರ್ಲಿಲ್ಲ" ಎಂದು ಅಪ್ಪ ಹೇಳುತ್ತಿದ್ದ. ಅವರಲ್ಲಿ ಒಬ್ಬ ಜ್ವರ ಏರಿ ನಡೆಯಲಾರದೆ ಬಿದ್ದಿದ್ದ. ಹಿಂದೆ ಮೂಟೆಗಳ ಮೇಲೆ ಹಾಕಿಕೊಂಡು ಹೋಗು ಎಂದು ಮೇಲಿನವನು ಹೇಳಿದನಂತೆ. ಅಪ್ಪ ಅವನನ್ನು ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಿಸಿ, ತನ್ನ ಕಂಬಳಿ ಹೊದಿಸಿ, ಆಸ್ಪತ್ರೆಯ ಡೇರೆಗೆ ಮುಟ್ಟಿಸಿದ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ದಂಡಿನ ಹಿಂದೂಸ್ತಾನಿಯ ನಾಲ್ಕು ಮಾತು, ಮಿಕ್ಕದ್ದು ಕೈಸನ್ನೆ.

ಯುದ್ಧ ಮುಗಿದು ಎಲ್ಲರೂ ಚದುರುವಾಗ ಆ ಸಿಪಾಯಿ ಲಾರಿ ಲಾರಿ ಹುಡುಕಿಕೊಂಡು ಬಂದು ಅಪ್ಪನ ಹೆಗಲಿಗೆ ಒಂದು ಕತ್ತಿ ತೊಡಿಸಿದ. "ಬ್ಯಾಡಪ್ಪ ಅಂದೆ. ಅವ್ನು ಕೇಳ್ಬೇಕಲ್ಲ? ತೊಡಿಸಿ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ನೋಡಿ ನಕ್ಕ." ಅಪ್ಪ ಈ ಕತೆ ಹೇಳುವಾಗಲೆಲ್ಲ ಇಲ್ಲಿಗೆ ಬಂದು ನಿಲ್ಲುತ್ತಿದ್ದ. ಆ ಸಿಪಾಯಿಯ ಹೆಸರನ್ನು ಸರಿಯಾಗಿ ಹೇಳಲು ಅಪ್ಪನಿಗೆ ಬಾಯಿ ತಿರುಗುತ್ತಿರಲಿಲ್ಲ. ಅವನ ನಾಡು ಒಂದು ನದಿಯ ಎರಡು ದಡದಲ್ಲಿದೆ, ನದಿಗೂ ನಾಡಿಗೂ ಒಂದೇ ಹೆಸರು, ಇಷ್ಟು ಮಾತ್ರ ನೆನಪಿಟ್ಟುಕೊಂಡಿದ್ದ.

ಅಂಥ ಕತ್ತಿಯನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅಲಗು ಬಿದಿಗೆಯ ಚಂದ್ರನಷ್ಟು ಅಲ್ಲದಿದ್ದರೂ ಚೆನ್ನಾಗಿಯೇ ಬಾಗಿತ್ತು. ಹಿಡಿಗೆ ಚರ್ಮ ಸುತ್ತಿತ್ತು, ತುದಿಯಲ್ಲಿ ಒಂದು ಹಿತ್ತಾಳೆಯ ಗುಂಡು. ಕೈ ಕಾಯಲು ಅಡ್ಡಪಟ್ಟಿ ಇಲ್ಲವೇ ಇಲ್ಲ. ಒರೆ ಪೂರ್ತಿ ಚರ್ಮದ್ದು, ಕೆಂಪು ಬಣ್ಣದ್ದು. ಅದರ ಮೇಲೆ ಚರ್ಮವನ್ನೇ ಕೂದಲೆಳೆಯಂತೆ ಸೀಳಿ ಜಡೆ ಹೆಣೆದಿದ್ದರು, ಗೆರೆ ಕೊರೆದಿದ್ದರು. ಒರೆಯ ಕೊನೆ ಅರಳಿ ಎಲೆಯ ಹಾಗೆ ಅಗಲವಾಗಿತ್ತು. ಹೆಗಲಿಗೆ ಹಾಕಿಕೊಳ್ಳಲು ಚರ್ಮದ ದಪ್ಪ ಹುರಿ, ಅದರ ತುಂಬ ಕುಚ್ಚು. ಆಯುಧಪೂಜೆಯ ದಿನ ಅಪ್ಪ ನೇಗಿಲು, ಕುಡುಗೋಲು, ಸ್ಪ್ಯಾನರುಗಳ ಜೊತೆ ಅದನ್ನು ಇಡುತ್ತಿದ್ದ. ಕುಂಕುಮ ಹಿತ್ತಾಳೆಯ ಗುಂಡಿಗೆ ಮಾತ್ರ. ಚರ್ಮಕ್ಕೆ ಅವ್ವ ಹರಳೆಣ್ಣೆ ಸವರುತ್ತಿದ್ದಳು. ಮಿಕ್ಕ ದಿನ ಕಂಬಳಿಯೊಳಗೆ ಸುತ್ತಿ ಅಟ್ಟದ ಮೇಲೆ.

ಇನ್ನು ಪಟೇಲರ ಗೂಟದ ವಿಷಯ. ಅವರ ಪಡಸಾಲೆಯ ಗೋಡೆಯಲ್ಲಿ ಒಂದು ದಪ್ಪ ಗೂಟ ಖಾಲಿಯಾಗಿ ನಿಂತಿತ್ತು. ಹಿಂದೆ ಅಲ್ಲಿ ಅವರ ಮನೆತನದ ಪಟ್ಟದ ಕತ್ತಿ ಇತ್ತಂತೆ. ಪಾಳೆಯಗಾರರು ಕೊಟ್ಟದ್ದಂತೆ. ಅವರ ತಾತನ ಕಾಲದಲ್ಲಿ ಅದು ಎಲ್ಲಿಗೆ ಹೋಯಿತೆಂದು ಊರಿನಲ್ಲಿ ನಾಲ್ಕು ಕತೆ, ನಾಲ್ಕರಲ್ಲೂ ತಾತನ ಜೂಜು ಬರುತ್ತದೆ. ವಿಜಯದಶಮಿಯ ಸಂಜೆ ಊರ ಹೊರಗಿನ ಬನ್ನಿಮರದ ಕೆಳಗೆ ಬಾಳೆಕಂದು ನೆಟ್ಟು ಪೂಜೆ ಮಾಡಿ, ಅದನ್ನು ಪಟೇಲರು ಕಡಿಯಬೇಕು. ಕಡಿದ ಮೇಲೆ ಅವರ ಕೈಯಿಂದ ಊರವರೆಲ್ಲ ಬನ್ನಿ ಎಲೆ ಪಡೆಯಬೇಕು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎನ್ನುವುದರಲ್ಲಿಯೇ ಊರಿನ ಮೇಲು ಕೀಳೆಲ್ಲ ಇತ್ತು. ಕತ್ತಿ ಇಲ್ಲದ ಪಟೇಲರು ವರ್ಷವೂ ತೆಂಗಿನಕಾಯಿ ಕೊಚ್ಚುವ ಮಚ್ಚಿನಲ್ಲಿ ಬಾಳೆ ಕಡಿಯುತ್ತಿದ್ದರು. ಸರ್ಕಾರ ಪಟೇಲಿಕೆಯನ್ನೇ ತೆಗೆದುಹಾಕಿದ ಮೇಲೆ ಅವರಿಗೆ ಉಳಿದದ್ದು ಅದೊಂದು ಬಾಳೆಕಂದು. ಮಚ್ಚು ಹಿಡಿದ ಕೈ ಅವರಿಗೇ ಸಣ್ಣದಾಗಿ ಕಾಣತೊಡಗಿತೋ ಏನೋ.

ಅಪ್ಪ ಸತ್ತು ಕೆಲವು ವರ್ಷವಾದ ಮೇಲೆ ಒಂದು ನವರಾತ್ರಿಯಲ್ಲಿ ಪಟೇಲರೇ ನಮ್ಮ ಮನೆಯ ಮುಂದೆ ಬಂದು ನಿಂತರು. ಅವರು ನಮ್ಮ ಬೀದಿಗೆ ಬಂದದ್ದೇ ದೊಡ್ಡದು.

"ಏನಪ್ಪಾ, ನಿಮ್ಮಪ್ಪ ತಂದಿದ್ದ ಕತ್ತಿ ಐತಲ್ಲ, ಈ ಸಲ ಬಾಳೆ ಕಡಿಯಾಕೆ ಕೊಡು. ಊರಿನ ಮರ್ಯಾದೆ. ನಾಳಿದ್ದು ಕಳಿಸ್ಕೊಡ್ತೀನಿ."

"ನಿಮ್ಮಪ್ಪ ತಂದಿದ್ದ ಕತ್ತಿ." ಈ ಮಾತನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದು ಅವರದೇ ಬಾಯಿಂದ ಬಂದದ್ದು. ನನಗೆ ಎದೆ ಉಬ್ಬಿತು. ಅಪ್ಪನ ಕತ್ತಿಯಿಂದ ಊರಿನ ಬಾಳೆ ಕಡಿಯುತ್ತಾರೆಂದರೆ ಉಬ್ಬದೆ ಇರುತ್ತದೆಯೆ? ಅವ್ವ ಕತ್ತಿಯನ್ನು ಒಳಗೆ ಒಯ್ದು, ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ತಂದುಕೊಟ್ಟಳು.

ನಾಳಿದ್ದು ಬಂತು, ಕತ್ತಿ ಬರಲಿಲ್ಲ. ದೀಪಾವಳಿ ಬಂತು. "ದೇವರ ಮುಂದೆ ಇಟ್ಟಿದೀವಿ, ಅಮಾಸೆ ಕಳೀಲಿ" ಎಂದರು. ಸಂಕ್ರಾಂತಿಗೆ "ಮನೇಲಿ ಮೈಲಿಗೆ" ಎಂದರು. ಯುಗಾದಿಗೆ ಹೋದಾಗ ಕತ್ತಿ ಗೂಟದ ಮೇಲೆ ಕೂತಿತ್ತು. ತುದಿ ಮೇಲಕ್ಕೆ, ಹಿಡಿ ಕೆಳಕ್ಕೆ, ಕುಚ್ಚಿನಿಂದ ನೇತು ಹಾಕಿದ್ದರು. ಚರ್ಮದ ತುಂಬ ಅರಿಸಿನ, ಕುಂಕುಮ. ಅವ್ವ ಅಷ್ಟು ವರ್ಷ ಎಣ್ಣೆ ಸವರಿ ಕಾಪಾಡಿದ ಚರ್ಮ! ಆದರೂ ತಡೆದುಕೊಂಡೆ. ಮುಂದಿನ ವಿಜಯದಶಮಿಯ ದಿನ, ಬನ್ನಿಮರದ ಕೆಳಗೆ, ಅವರು ಬಾಳೆ ಕಡಿದು ಕತ್ತಿ ಒರೆಗೆ ಸೇರಿಸುವವರೆಗೂ ಕಾದು, ಹತ್ತಿರ ಹೋಗಿ ಕೇಳಿದೆ.

"ಕತ್ತಿ ಕೊಡಿ, ಮನೆಗೆ ತಗೊಂಡೋಗ್ತೀನಿ."

ಪಟೇಲರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಮನೆಗೋ? ಇದು ನಮ್ಮ ತಾತನ ಕತ್ತಿ ಕಣೋ. ನಿಮ್ಮಪ್ಪ ನಮ್ಮ ಗಾಡಿ ಹೊಡೀತಿದ್ದ. ಪಟ್ಟಾಳಕ್ಕೆ ಓಡೋಗೋ ಮುಂಚೆ ನಮ್ಮಟ್ಟದಿಂದ ಇಳಿಸ್ಕೊಂಡು ಬಚ್ಚಿಟ್ಟಿದ್ದ. ದೊಡ್ಡದು ಮಾಡೋದು ಬ್ಯಾಡ ಅಂತ ಸುಮ್ಕಿದ್ದೆ. ಈಗ ತಾನಾಗೇ ಮನೆಗೆ ಬಂದೈತೆ."

"ಅಂದ್ರೆ ನಮ್ಮಪ್ಪ ಕದ್ದ ಅಂತೀರಾ?"

"ಕದ್ದ ಅಂದ್ರೆ ಕದ್ದ ಅಂತ್ಲೇ ಇಟ್ಕೋ. ನಿನ್ನ ಬಾಯಿ ನಾನ್ಯಾಕೆ ಹಿಡೀಲಿ?"

ಇಡೀ ಊರು ಅಲ್ಲಿತ್ತು. ಕೈಯಲ್ಲಿ ಬನ್ನಿ ಎಲೆ ಹಿಡಿದು ನಿಂತಿತ್ತು. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, "ಹೋದ ವರ್ಷ ನೀವೇ ಹೋಗಿ ಕೇಳಿ ತಂದಿರಲ್ಲ ಪಟೇಲರೇ" ಎನ್ನಲಿಲ್ಲ. ಅಪ್ಪನ ಜೊತೆ ಬೀಡಿ ಹಂಚಿಕೊಂಡವರು ಅಲ್ಲಿದ್ದರು. ಅಪ್ಪ ಅವರ ಹೊಲ ಉತ್ತುಕೊಟ್ಟಿದ್ದ. ಅವರೆಲ್ಲರೂ ಬನ್ನಿಮರದಲ್ಲಿ ಏನೋ ಹಕ್ಕಿ ಕೂತಿದೆ ಎನ್ನುವಂತೆ ಮೇಲೆ ನೋಡುತ್ತಿದ್ದರು. ಸತ್ತವನು ಎದ್ದು ಬಂದು ಮಾತನಾಡುವುದಿಲ್ಲ ಎಂಬ ಧೈರ್ಯ ಅದು.

ನಾನು ನ್ಯಾಯ ಹಾಕಿಸಿದೆ. ಹಿರಿಯರು ಕಟ್ಟೆಯ ಮೇಲೆ ಕೂತರು. ಕತ್ತಿ ಎಲ್ಲಿಂದ ಬಂತು ಎಂದು ಕೇಳಿದರು. ಅಪ್ಪ ಹೇಳಿದ್ದನ್ನು ಹೇಳಿದೆ. ಆಫ್ರಿಕಾದ ಸಿಪಾಯಿ ಎಂದ ತಕ್ಷಣ ನಗು.

"ಅವ್ರ ಹತ್ರ ಕತ್ತಿ ಎಲ್ಲಿತ್ಲಾ? ಬಿಲ್ಲು ಬಾಣ ಅಂದಿದ್ರೆ ನಂಬ್ತಿದ್ವಿ."

"ಯುದ್ಧಕ್ಕೆ ಹೋಗೋನು ಮನೆ ಕತ್ತಿ ಹೊತ್ಕೊಂಡು ಹಡಗು ಹತ್ತಾನಾ? ದಂಡ್ನೋರು ಬಂದೂಕ ಕೊಡಾಕಿಲ್ವಾ?"

"ನಿಮ್ಮಪ್ಪ ಹೇಳಿದ್ದ, ನೀನು ಕೇಳಿದ್ದೆ. ಬೇರೆ ಯಾರಾದ್ರೂ ಕಂಡೋರು ಅವ್ರಾ?"

ಯಾರಿದ್ದಾರೆ? ಕೊನೆಗೆ ಹಿರಿಯರು ತೀರ್ಮಾನ ಹೇಳಿದರು. ಯಾರದೇ ಆಗಿರಲಿ, ಕತ್ತಿ ಊರ ಪೂಜೆಗೆ ಏರಿಬಿಟ್ಟಿದೆ. ದೇವರ ಮುಂದೆ ಏರಿದ್ದನ್ನು ಇಳಿಸಬಾರದು. ಪೂಜೆ ಪಟೇಲರ ಮನೆಯದು, ಆದ್ದರಿಂದ ಅಲ್ಲೇ ಇರಲಿ. ಎಂಥ ನ್ಯಾಯ ನೋಡಿ! ನಿಮ್ಮ ಎತ್ತನ್ನು ಎರವಲು ತಂದು ಹಣೆಗೆ ಕುಂಕುಮ ಇಟ್ಟುಬಿಟ್ಟರೆ ಆ ಎತ್ತು ನಮ್ಮದು. ನಾನು ಹಾಗೆಯೇ ಹೇಳಿದೆ. "ಬಾಯಿ ಜಾಸ್ತಿ ಆಯ್ತು" ಎಂದರು. ಕತ್ತಿ ಹೋದರೆ ಹೋಗಲಿ, ಕಳ್ಳ ಎಂದ ಮಾತು ವಾಪಸ್ಸು ತಗೊಳ್ಳಲಿ ಎಂದೆ. ಹಿರಿಯರು ಎದ್ದು ಪಂಚೆ ಕೊಡವಿಕೊಂಡರು.

ಅಂದಿನಿಂದ ಪಟೇಲರ ಜಗಲಿಗೆ ನಾನು ಕಾಲಿಡಲಿಲ್ಲ, ಅವರ ಬಾವಿಗೆ ಇಳಿಯಲಿಲ್ಲ. ಅವರ ಪಂಪು ಕೆಟ್ಟರೆ ಬೆಂಗಳೂರಿನಿಂದ ಮೆಕ್ಯಾನಿಕ್ ಬರಬೇಕಾಗಿತ್ತು. ಬರುವಷ್ಟರಲ್ಲಿ ಅವರ ದ್ರಾಕ್ಷಿ ತೋಟ ಬಾಡುತ್ತಿತ್ತು. ಊರವರು ನನಗೇ ಬುದ್ಧಿ ಹೇಳಿದರು. "ಇಷ್ಟು ಹಟ ಯಾಕ್ಲಾ, ಒಂದು ಕತ್ತಿಗೆ?" ನನಗೆ ಹಟ! ಅವ್ವನ ಕಡೆ ನೋಡಿ ಯಾರೂ ಮಾತನಾಡಲಿಲ್ಲ. ಮದುವೆ ಮನೆಗಳಲ್ಲಿ ಅವಳು ಒಳಗೆ ಬಂದರೆ ಒಡವೆ ಪೆಟ್ಟಿಗೆಯ ಹತ್ತಿರ ಕೂತ ಹೆಂಗಸು ಪೆಟ್ಟಿಗೆಗೆ ಅಡ್ಡವಾಗಿ ಸ್ವಲ್ಪ ಸರಿದು ಕೂರುತ್ತಿದ್ದಳು. ಅಷ್ಟೇ. ಬಾಯಿ ಬಿಟ್ಟು ಏನೂ ಇಲ್ಲ. ಅವ್ವ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ ಮಂಡಿನೋವು ಎನ್ನುತ್ತಿದ್ದಳು. ರಾಗಿ ಹೊಲದಲ್ಲಿ ದಿನವಿಡೀ ಕಳೆ ಕೀಳುವವಳಿಗೆ ಮದುವೆಯ ದಿನ ಮಾತ್ರ ಮಂಡಿನೋವು.

ಈ ನಡುವೆ ಪಟೇಲರ ಅಳಿಯ ಬೆಂಗಳೂರಿನಿಂದ ಒಬ್ಬ ಮೇಷ್ಟರನ್ನು ಕರೆತಂದ. ಕಾಲೇಜಿನಲ್ಲಿ ಇತಿಹಾಸ ಹೇಳುವವರಂತೆ. ಅವರು ಕತ್ತಿಯನ್ನು ಒರೆಯಿಂದ ಸೆಳೆದು, ಅಲಗಿನ ಬುಡದಲ್ಲಿದ್ದ ಸಣ್ಣ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಫ್ರೆಂಚರ ಅಲಗು ಎಂದರು. ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚರಿದ್ದರು, ದೇವನಹಳ್ಳಿ ಇಲ್ಲೇ ಇದೆ, ಅಲ್ಲಿಂದ ಪಾಳೆಯಗಾರರಿಗೆ, ಅವರಿಂದ ಈ ಮನೆತನಕ್ಕೆ. ಕಾಫಿ ಆರುವಷ್ಟರಲ್ಲಿ ಎರಡು ನೂರು ವರ್ಷದ ದಾರಿ ಹಾಕಿ ಮುಗಿಸಿದರು. ಒರೆಯನ್ನು ಕೈಯಲ್ಲಿ ಹಿಡಿದಿದ್ದರಂತೆ, ತಿರುಗಿಸಿ ನೋಡಲಿಲ್ಲವಂತೆ. ಮುದ್ರೆ ಇದ್ದದ್ದು ನಿಜ, ಫ್ರೆಂಚರದು ಎನ್ನುವುದೂ ನಿಜ, ಆಮೇಲೆ ನನಗೂ ಗೊತ್ತಾಯಿತು. ನಿಜದ ಒಂದು ತುಂಡನ್ನು ಹಿಡಿದು ಸುಳ್ಳಿನ ಮನೆ ಕಟ್ಟುವುದು ಎಷ್ಟು ಸುಲಭ! ಅಂದಿನಿಂದ ಅದು "ಟಿಪ್ಪು ಕಾಲದ ಕತ್ತಿ" ಆಯಿತು. ಅಪ್ಪ ಬರೀ ಕಳ್ಳನಾಗಿದ್ದವನು ಈಗ ಚರಿತ್ರೆಯನ್ನೇ ಕದ್ದವನಾದ.

ವರ್ಷಗಳು ಹೋದವು. ನನಗೆ ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು. ಆಗ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಮಾಡಿದ ಹೊಸ ತಳಿಗಳು ಬರುತ್ತಿದ್ದ ಕಾಲ. ಸರ್ಕಾರದವರು ಅಂಥ ಬಿತ್ತನೆಯನ್ನು ಪ್ರಯೋಗಕ್ಕೆಂದು ಪಟೇಲರ ಹೊಲದಲ್ಲಿ ಹಾಕಿಸಿದ್ದರು. ತೆನೆ ಕೈಮುಷ್ಟಿಯಂತೆ ಬಂದಿತ್ತು. ಅದನ್ನು ನೋಡಲು ಗ್ರಾಮಸೇವಕರು ಒಂದು ಜೀಪಿನಲ್ಲಿ ಕೃಷಿ ಓದುವ ಹುಡುಗರನ್ನು ಕರೆತಂದರು. ಅವರಲ್ಲಿ ಒಬ್ಬ ಆಫ್ರಿಕಾದವನು. ಎತ್ತರದ ಆಳು, ತೆಳ್ಳಗೆ, ಬಿಳಿ ಅಂಗಿ. ಹೊಲ ನೋಡಿಕೊಂಡು ಬಂದು ಪಟೇಲರ ಮನೆಯಲ್ಲಿ ಕಾಫಿಗೆ ಕೂತರು. ಹೊರಡುವಾಗ ಜೀಪು ಸ್ಟಾರ್ಟ್ ಆಗಲಿಲ್ಲ. ಅಂದು ಊರಲ್ಲೇ ಇದ್ದ ನನಗೆ ಗ್ರಾಮಸೇವಕರು ಹೇಳಿಕಳಿಸಿದರು.

ಜೀಪು ನಿಂತದ್ದು ಪಟೇಲರ ಮನೆಯ ಮುಂದೆ, ಬೀದಿಯಲ್ಲಿ. ಬೀದಿ ಸರ್ಕಾರದ್ದು, ಜೀಪು ಸರ್ಕಾರದ್ದು. ನಾನು ಬಾನೆಟ್ಟು ಎತ್ತಿ ಕೆಲಸ ಮಾಡುತ್ತಿದ್ದೆ. ಬಾಗಿಲು ತೆರೆದಿತ್ತು, ಪಡಸಾಲೆ ಪೂರ್ತಿ ಕಾಣುತ್ತಿತ್ತು. ಆ ಆಫ್ರಿಕಾದ ಹುಡುಗ ಗೂಟದ ಕೆಳಗೆ ನಿಂತು ಕತ್ತು ಎತ್ತಿ ನೋಡುತ್ತಿದ್ದ. ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಇತ್ತು.

ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಗ್ರಾಮಸೇವಕರು ಕನ್ನಡಕ್ಕೆ ತಿರುಗಿಸಿದರು. "ಇದು ನಿಮಗೆ ಎಲ್ಲಿಂದ ಬಂತು ಅಂತ ಕೇಳ್ತಾ ಇದಾರೆ."

"ಟಿಪ್ಪು ಕಾಲದ್ದು ಅನ್ನಿ. ನಮ್ಮ ಮುತ್ತಾತಂಗೆ ಬಂದಿದ್ದು" ಎಂದರು ಪಟೇಲರು.

ಹುಡುಗ ತಲೆ ಆಡಿಸಿದ. ಲೋಟವನ್ನು ಕೆಳಗಿಟ್ಟು, ಯಾರನ್ನೂ ಕೇಳದೆ, ಕತ್ತಿಯನ್ನು ಗೂಟದಿಂದ ಇಳಿಸಿಯೇಬಿಟ್ಟ.

"ಏಯ್, ಏಯ್! ಪೂಜೆದು ಅದು! ಕಾಲಲ್ಲಿ ಬೂಟ್ಸು ಐತೆ ನೋಡ್ರಿ ಅವಂದು!" ಪಟೇಲರು ಎದ್ದು ನಿಂತರು.

ಅವನಿಗೆ ಅದು ಕೇಳಿಸಿತೋ ಇಲ್ಲವೋ. ಕತ್ತಿಯನ್ನು ತಲೆಕೆಳಗು ಮಾಡಿ, ಅಂದರೆ ಸರಿಯಾಗಿ ಮಾಡಿ, ಹುರಿಯನ್ನು ಬಲಹೆಗಲ ಮೇಲಿಂದ ತೂಗಿಬಿಟ್ಟ. ಒರೆ ಅವನ ಎಡ ಸೊಂಟದ ಕೆಳಗೆ ಬಂದು, ತಾನು ಇರಬೇಕಾದ ಕಡೆ ಬಂದೆ ಎನ್ನುವಂತೆ ಕೂತಿತು. ಅಪ್ಪ ಅದನ್ನು ಹಾಕಿಕೊಂಡು ತೋರಿಸುತ್ತಿದ್ದದ್ದೂ ಹಾಗೆಯೇ.

ಅವನು ಹೇಳುತ್ತಾ ಹೋದ, ಗ್ರಾಮಸೇವಕರು ತಿರುಗಿಸುತ್ತಾ ಹೋದರು. ಇದು ನನ್ನ ಜನರ ಕತ್ತಿ, ಮಂಡಿಂಕಾ ಜನರದು. ನನ್ನ ದೇಶ ಗಾಂಬಿಯಾ. ಗಾಂಬಿಯಾ ಎನ್ನುವುದು ನದಿಯ ಹೆಸರು, ನಾಡಿನ ಹೆಸರೂ ಅದೇ. ನನ್ನ ತಾಯಿಯ ಅಣ್ಣನ ಮನೆಯಲ್ಲಿ ಇಂಥದೇ ಇದೆ. ಇಂಥ ಒರೆ ಮಾಡುವುದು ನಮ್ಮಲ್ಲಿ ಚರ್ಮದ ಕೆಲಸದ ಮನೆತನದವರು. ತುದಿ ಎಲೆಯಂತೆ ಅಗಲ ಮಾಡುವುದು, ಕೈಗೆ ಅಡ್ಡಪಟ್ಟಿ ಇಡದಿರುವುದು, ಎಲ್ಲ ಅವರದೇ ರೀತಿ.

"ಅಲಗು ಫ್ರೆಂಚರದು ಅಂತ ಮೇಷ್ಟ್ರು ಹೇಳವ್ರೆ, ಅದಕ್ಕೇನಂತೆ ಕೇಳಿ" ಎಂದರು ಪಟೇಲರು. ದನಿ ಸ್ವಲ್ಪ ಇಳಿದಿತ್ತು.

ಹುಡುಗ ಅಲಗನ್ನು ನೋಡಿ ಹೌದೆಂದ. ಸಮುದ್ರದ ದಡಕ್ಕೆ ಫ್ರೆಂಚರ ಹಡಗುಗಳು ಬರುತ್ತಿದ್ದವು, ನಮ್ಮವರು ಅವರಿಂದ ಅಲಗು ಕೊಳ್ಳುತ್ತಿದ್ದರು, ಹಿಡಿ ಮತ್ತು ಒರೆ ಮನೆಯಲ್ಲಿ ಮಾಡಿಸುತ್ತಿದ್ದರು. ಅಲಗು ಯಾರದಾದರೂ ಕತ್ತಿ ನಮ್ಮದೇ. ಇಷ್ಟು ಹೇಳಿ ಹುರಿಯ ಮೇಲೆ ಬೆರಳಾಡಿಸುತ್ತಿದ್ದವನು ನಿಲ್ಲಿಸಿದ. ಕುಚ್ಚುಗಳ ನಡುವೆ ಎರಡು ಕಡೆ ಕತ್ತರಿಸಿದ ಮೋಟು ಎಳೆಗಳಿದ್ದವು. ಇಲ್ಲಿ ಎರಡು ಚರ್ಮದ ಸಣ್ಣ ಚೀಲ ಇರಬೇಕಿತ್ತು, ಅವು ಎಲ್ಲಿ ಎಂದು ಕೇಳಿದ. ದೂರ ಹೋಗುವ ಮಗನಿಗೆ ಕೇಡು ತಟ್ಟದಿರಲಿ ಎಂದು ಹಿರಿಯರು ಕಟ್ಟುವುದು ಅದು. ನನ್ನ ಮಾವನೂ ಬರ್ಮಾ ಯುದ್ಧಕ್ಕೆ ಹೋಗುವಾಗ ತೋಳಿಗೆ ಅಂಥದು ಕಟ್ಟಿಕೊಂಡೇ ಹಡಗು ಹತ್ತಿದ್ದು ಎಂದ.

"ಅಂಥದ್ದೇನೂ ಇರ್ಲಿಲ್ಲ" ಎಂದರು ಪಟೇಲರು. ಅದು ಮಾತ್ರ ನಿಜ. ಅವರ ಕೈಗೆ ಬಂದಾಗ ಇರಲಿಲ್ಲ.

ನನಗೆ ಕಣ್ಣ ಮುಂದೆ ನನ್ನ ಮಗಳ ತೊಟ್ಟಿಲು ಬಂತು. ತೊಟ್ಟಿಲ ಹಗ್ಗಕ್ಕೆ ಅವ್ವ ಎರಡು ತಾಯತ ಕಟ್ಟಿದ್ದಳು. ಕೆಂಪು ಚರ್ಮದ್ದು, ಸುತ್ತಲೂ ಹೊಲಿಗೆ ಹಾಕಿದ್ದು. ಹೊಸಕೋಟೆಯ ದರ್ಗಾದಿಂದ ತಂದದ್ದು ಎಂದೇ ನಾನು ತಿಳಿದಿದ್ದೆ. ನಮ್ಮ ಕಡೆ ಯಾರ ಮನೆಯ ಮಗುವಿಗೆ ದರ್ಗಾದ ತಾಯತ ಇರುವುದಿಲ್ಲ? ಕತ್ತಿಯ ಕುಚ್ಚಿನೊಳಗೆ ಇದ್ದದ್ದನ್ನು ಚಿಕ್ಕಂದಿನಲ್ಲಿ ಕುಚ್ಚು ಎಂದೇ ನೋಡಿದ್ದವನು ನಾನು. ಬೀದಿಯಿಂದಲೇ ಕೂಗಿ "ಒಂದು ನಿಮಿಷ ಇರಾಕೆ ಹೇಳಿ ಸ್ವಾಮಿ" ಎಂದು ಮನೆಗೆ ಓಡಿದೆ.

ಅವ್ವ ರಾಗಿ ಕೇರುತ್ತಿದ್ದಳು. ಕೇಳಿದೆ. "ಹೂ ಕಣೋ, ಕತ್ತಿದೇ" ಎಂದಳು. "ಆವತ್ತು ಪಟೇಲ್ರು ಬಂದಾಗ ನಾನೇ ಕುಯ್ದು ತಗೊಂಡೆ. ಮನೆ ತಾಯತ ಹೊಸಿಲು ದಾಟಬಾರ್ದು. ಕತ್ತಿ ಎರವಲು ಕೊಡಬೌದು, ತಾಯತ ಕೊಡ್ತಾರಾ ಯಾರಾದ್ರೂ?"

"ಇಷ್ಟು ವರ್ಷ ಯಾಕವ್ವ ಹೇಳ್ಲಿಲ್ಲ? ನ್ಯಾಯದ ದಿನ ಹೇಳ್ಬಾರ್ದಿತ್ತಾ?"

"ನನ್ನ ಯಾರು ಕೇಳಿದ್ರು?"

ಕಟ್ಟೆಯ ಮೇಲೆ ಕೂತ ಅಷ್ಟು ಮಂದಿ ಹಿರಿಯರು ಕಂಡವರಾರು, ಕೇಳಿದವರಾರು ಎಂದು ಹುಡುಕಿದರು. ಕತ್ತಿಗೆ ವರ್ಷವೂ ಎಣ್ಣೆ ಸವರಿದವಳು ಐವತ್ತು ಹೆಜ್ಜೆ ದೂರದ ಮನೆಯಲ್ಲಿ ಕೂತಿದ್ದಳು. ಹೆಂಗಸನ್ನು ನ್ಯಾಯಕ್ಕೆ ಕರೆಯುವ ಪದ್ಧತಿ ಇಲ್ಲವಂತೆ. ಪದ್ಧತಿಯಂತೆ!

ಅವ್ವ ತಾಯತಗಳನ್ನು ಬಿಚ್ಚಿಕೊಂಡು, ಸೆರಗು ಸರಿ ಮಾಡಿಕೊಂಡು, ತಾನೇ ಹೊರಟಳು. ನಾನು ಜೀಪಿನ ಪಕ್ಕ ನಿಂತೆ. ಅವಳು ಪಟೇಲರ ಜಗಲಿ ಹತ್ತಿ, ಪಡಸಾಲೆಗೆ ಹೋಗಿ, ಅಂಗೈ ತೆರೆದು ಆ ಹುಡುಗನ ಮುಂದೆ ಹಿಡಿದಳು. ಅವನು ಒಂದೊಂದನ್ನೇ ಎತ್ತಿ ಹುರಿಯ ಮೋಟಿಗೆ ಇಟ್ಟ. ಕೊಯ್ದ ಅಂಚಿಗೆ ಕೊಯ್ದ ಅಂಚು ಕೂತಿತು. ಒಂದೇ ಚರ್ಮ, ಒಂದೇ ಹೊಲಿಗೆ. ಬಣ್ಣ ಮಾತ್ರ ಬೇರೆ, ಹುರಿಗೆ ಅರಿಸಿನ ಕುಂಕುಮ, ತಾಯತಕ್ಕೆ ಹರಳೆಣ್ಣೆ. ಬಾಗಿಲಲ್ಲಿ ಅಷ್ಟು ಹೊತ್ತಿಗೆ ಅರ್ಧ ಊರು ನೆರೆದಿತ್ತು. ಈ ಸಲ ನೋಡಲು ಮರದ ಮೇಲೆ ಹಕ್ಕಿ ಇರಲಿಲ್ಲ.

ಅವ್ವ ಗ್ರಾಮಸೇವಕರನ್ನು ಕೇಳಿದಳು. "ಆ ಸಿಪಾಯಿ ಊರು ಸೇರಿದ್ನಾ ಅಂತ ಕೇಳಪ್ಪ. ನಮ್ಮನೆಯೋರು ಕೊನೇ ತನಕ ಅದನ್ನೇ ಅಂತಿದ್ರು."

ಹುಡುಗನಿಗೆ ಹೇಗೆ ಗೊತ್ತಿರಬೇಕು? ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಆದರೂ ಅವನು ಗೊತ್ತಿಲ್ಲ ಎನ್ನಲಿಲ್ಲ. ಊರಿಗೆ ಹೋದಾಗ ಮಾವನನ್ನು ಕೇಳುತ್ತೇನೆ ಎಂದ. ಬಗ್ಗಿ ಅವ್ವನ ಕೈ ಹಿಡಿದುಕೊಂಡ. ಅವ್ವ "ನಿಮ್ಮವ್ವ ಅವ್ಳೇನಪ್ಪಾ?" ಎಂದು ಕನ್ನಡದಲ್ಲೇ ಕೇಳಿದಳು, ಅವನಿಗೆ ಅದು ಹೇಗೋ ತಿಳಿಯಿತು, ತಲೆ ಆಡಿಸಿದ.

ಪಟೇಲರು ಏನು ಮಾಡಿದರು ಗೊತ್ತೆ? ಕೈಯನ್ನು ಪಂಚೆಗೆ ಒರೆಸಿಕೊಂಡರು. "ಯಾವ ದೇಶದ್ದೋ ಯಾವ ಜನದ್ದೋ ತಾಯತ ಕಟ್ಟಿದ್ದಂತೆ. ನಮಗ್ಯಾಕೆ ಇದು ದೇವರ ಮನೇಲಿ?" ಎಂದು ಒಳಗೆ ಹೋದರು. ಅಷ್ಟೇ! ಅಷ್ಟು ವರ್ಷ ಮುತ್ತಾತನ ಕತ್ತಿಯಾಗಿದ್ದದ್ದು ಒಂದು ಗಳಿಗೆಯಲ್ಲಿ ಮೈಲಿಗೆಯಾಯಿತು. ನನಗೆ ತಡೆಯಲಾಗಲಿಲ್ಲ. ಬೀದಿಯಿಂದಲೇ ಕೂಗಿದೆ. "ಹೊಲದಾಗಿರೋ ರಾಗೀನೂ ಅವ್ರ ಕಡೇದೇ ಪಟೇಲ್ರೇ! ಅದನ್ನೂ ಕಿತ್ತಾಕಿಬಿಡಿ!" ಯಾರೋ ನಕ್ಕರು. ಹುಡುಗ ಕತ್ತಿಯನ್ನು ಪಡಸಾಲೆಯಲ್ಲೇ ಇಳಿಸಿಟ್ಟ, ಅವ್ವ ತಾಯತ ಮಾತ್ರ ತೆಗೆದುಕೊಂಡು ಬಂದಳು. ಜೀಪು ಸ್ಟಾರ್ಟ್ ಮಾಡಿಕೊಟ್ಟೆ.

ಮಾರನೆಯ ದಿನ ಅವರ ಆಳು ಕತ್ತಿಯನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಅಂಗಡಿಗೆ ತಂದ. ನಾನು ಮುಟ್ಟಲಿಲ್ಲ. "ಕೈಯಾರೆ ಇಸ್ಕೊಂಡೋದೋರು ಕೈಯಾರೆ ಕೊಡ್ಲಿ. ಕಳ್ಳ ಅಂದ ಜಾಗದಲ್ಲೇ ಅಲ್ಲ ಅನ್ಲಿ" ಎಂದು ಹೇಳಿ ಕಳಿಸಿದೆ. ಕೆಲವು ದಿನ ಬಿಟ್ಟು ಪಟೇಲರೇ ಅಂಗಡಿಗೆ ಬಂದರು. ಹುಡುಗರು ಊಟಕ್ಕೆ ಹೋಗಿದ್ದ ಹೊತ್ತು ನೋಡಿಕೊಂಡು ಬಂದಿದ್ದರು.

"ಆಯ್ತು ಬಿಡೋ. ತಪ್ಪಾಯ್ತು ಅಂತ್ಲೇ ಇಟ್ಕೋ."

"ಬನ್ನಿಮರದ ಕೆಳಗೆ ಹೇಳಿ. ಅಂದಿದ್ದು ಊರ ಮುಂದೆ, ಕಿವಿಯಾಗೆ ಹೇಳಿದ್ರೆ ನಂಗೆ ಕೇಳಾಕಿಲ್ಲ. ಇಂಜಿನ್ ಸದ್ದಿಗೆ ಕಿವಿ ಮಂದ ಆಗೈತೆ."

"ನೋಡಣ" ಎಂದು ಹೋದರು.

ವಿಜಯದಶಮಿ ಬಂತು. ಅವ್ವನನ್ನೂ ಕರೆದುಕೊಂಡು ಹೋದೆ. ಪಟೇಲರು ಮಚ್ಚಿನಲ್ಲಿ ಬಾಳೆ ಕಡಿದರು. ಕತ್ತಿ ಮರದ ಬುಡಕ್ಕೆ ಒರಗಿಸಿತ್ತು. ಬನ್ನಿ ಎಲೆ ಹಂಚುವ ಹೊತ್ತಿಗೆ ಅವರು ಎಂದಿನಂತೆ ಹಿರಿಯರ ಕಡೆ ತಿರುಗಲಿಲ್ಲ. ಕತ್ತಿ ಎತ್ತಿಕೊಂಡು ನೇರವಾಗಿ ನನ್ನ ಹತ್ತಿರ ಬಂದರು. ಕತ್ತಿಯನ್ನು ನನ್ನ ಎರಡೂ ಕೈಗೆ ಕೊಟ್ಟು, ಅದರ ಮೇಲೆ ಊರಿನ ಮೊದಲ ಬನ್ನಿ ಎಲೆಯನ್ನು ಇಟ್ಟರು. ಬಾಯಿ ಬಿಡಲಿಲ್ಲ. ನಾನು ಕಾದೆ. ಅವರು ಇನ್ನೊಬ್ಬರ ಕಡೆ ಹೊರಟುಹೋದರು.

"ಇನ್ನೇನು ಬೇಕ್ಲಾ ನಿಂಗೆ? ಮೊದಲ ಬನ್ನಿ ಕೊಟ್ರು! ಯಾರಿಗೂ ಸಿಕ್ಕಿಲ್ಲ!" ಎಂದು ಜನ ನನ್ನ ಬೆನ್ನು ತಟ್ಟಿದರು. ಅವ್ವ ಕತ್ತಿಯ ಚರ್ಮಕ್ಕೆ ಹತ್ತಿದ ಕುಂಕುಮವನ್ನು ಸೆರಗಿನಿಂದ ಒರೆಸತೊಡಗಿದಳು.

ನನಗೇನು ಬೇಕಿತ್ತು ಎಂಬುದನ್ನು ಎಷ್ಟು ಸಲ ಹೇಳಬೇಕು? ಕಳ್ಳ ಎಂದದ್ದು ಬಾಯಲ್ಲಿ. ಅಲ್ಲ ಎಂದದ್ದು ಎಲೆಯಲ್ಲಿ. ಎಲೆಗೆ ಮಾತು ಬರುವುದಿಲ್ಲ. ನಾಳೆ ಯಾರಾದರೂ "ಅವರಪ್ಪ ಏನೋ ಕದ್ದಿದ್ನಂತಲ್ಲ" ಎಂದರೆ ಎಲೆ ಎದ್ದು ಬಂದು ಸಾಕ್ಷಿ ಹೇಳುತ್ತದೆಯೆ? ಊರವರೆಲ್ಲ ಬನ್ನಿಯನ್ನು ತಲೆಗೆ ಮುಡಿದರು. ನಾನು ಮುಡಿಯಲಿಲ್ಲ, ಜೇಬಿಗೆ ಹಾಕಿಕೊಂಡೆ. ಪಟೇಲರು ಬದುಕಿದ್ದಷ್ಟು ಕಾಲವೂ ಆ ಮಾತು ಆಡಲಿಲ್ಲ. ಅವರ ಬಾವಿಗೆ ನಾನೂ ಇಳಿಯಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹೊಸಕೋಟೆಯಲ್ಲಿ ಒಂದು ವರ್ಕ್‌ಶಾಪು, ಅದರಲ್ಲಿ ಎರಡು ಲೇತು. ಊರಿನಲ್ಲಿ ಅದೇ ಎರಡೂವರೆ ಎಕರೆ. ಮೂರು ಮಕ್ಕಳು, ಮೂವರೂ ಎಂಟನೆಯ ತರಗತಿ ದಾಟಿದವರು. ಒಂದು ಕತ್ತಿ, ಒಂದು ಒರೆ, ಎರಡು ತಾಯತ. ಒಣಗಿದ ಒಂದು ಬನ್ನಿ ಎಲೆ.